ಹಳದಿಯ ಮೇಲೆ ಬಿಳಿ

"ಅಕ್ಷರ ಬಿಳೇದ ಇರಲಿ. ಲಗ್ನದ ಕೆಲಸಕ್ಕ ಕರೀದು ಅಪಶಕುನ," ಎಂದು ಪಾಯಪ್ಪ ಮತ್ತೆ ಅಂದಾಗ ಮೆಹೆಕ ಲ್ಯಾಪ್‌ಟಾಪನ್ನು ಅವನ ಕಡೆಗೇ ತಿರುಗಿಸಿಬಿಟ್ಟಳು. ಚಿಕ್ಕೋಡಿಯಲ್ಲಿದ್ದ ಅವನ ಮದುವೆ ಮಂಟಪ 'ಮಂಗಲ ಕಾರ್ಯಾಲಯ'ಕ್ಕೆ ಅವಳು ಮಾಡುತ್ತಿದ್ದ ವೆಬ್‌ಸೈಟಿನ ತುಂಬ ಅವನೇ ಆರಿಸಿದ ಅರಿಶಿನದ ಹಳದಿ.

"ಹಂಗಾರ ಇದರಾಗ ನಿಮ್ಮ ಫೋನ್ ನಂಬರ ಓದ್ರಿ ಕಾಕಾ."

ಪಾಯಪ್ಪ ಚಷ್ಮಾ ಏರಿಸಿದ, ಇಳಿಸಿದ, ಧೋತರದ ಅಂಚಿನಿಂದ ಪರದೆ ಒರೆಸಿದ. "ನಿನ್ನ ಸ್ಕ್ರೀನ ಮಬ್ಬ ಆಗೈತಿ ನೋಡು."

ಮೆಹೆಕಳಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಕೆಂಪು ಅಕ್ಷರ ಹಾಕಿದಾಗ ದವಾಖಾನಿ ಬೋರ್ಡು ಅಂದಿದ್ದ. ನೀಲಿ ಹಾಕಿದಾಗ ಪೊಲೀಸ್ ಠಾಣೆ ಅಂದಿದ್ದ. "ಹಳದಿ ಮ್ಯಾಲ ಕರೀದು ಎದ್ದ ಕಾಣತೈತ್ರಿ. ಒಮ್ಮೆರೆ ಹಾಕಿ ತೋರಸ್ಲಿ?" ಅವಳ ದನಿ ಏರಿತ್ತು.

"ಬ್ಯಾಡಂದ್ರ ಬ್ಯಾಡ. ಮಂಗಲಕಾರ್ಯದಾಗ ಕರೀದಕ್ಕ ಜಾಗಾನ ಇಲ್ಲ!"

ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಅವನ ಹೆಂಡತಿ ಚಂಪಾಬಾಯಿ ಮೊರ ಕೆಳಗಿಟ್ಟು ಎದ್ದು ಬಂದಳು. ಕೊರಳ ಕರಿಮಣಿ ಸರವನ್ನು ಮುಂದಕ್ಕೆಳೆದು ಹಳದಿ ಪರದೆಗೆ ತಾಗಿಸಿ ಹಿಡಿದಳು. ಒಂದೊಂದು ಮಣಿಯೂ ಎದ್ದು ಕಂಡಿತು.

"ಹಂಗಾರ ಲಗ್ನದಾಗ ನನ್ನ ಕೊಳ್ಳಾಗ ಇದನ್ಯಾಕ ಕಟ್ಟಿದ್ರಿ?"