ಚಕ್ರ ಬಿಚ್ಚಿದ ಕೂಲಿ

ನೂರಿಸ್ ಹಸಿ ಬಾಳೆಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ಮಾತಿಲ್ದೆ ಎಂಬ ಅವಳ ಗೆಳತಿ ಹಿತ್ತಲ ಬಾಗಿಲಿಗೇ ಬಂದು ಲಕೋಟೆ ಚಾಚಿದಳು. ಕಾಫಿ ಕುಡಿದು ಹೋಗು ಅಂದರೂ ನಿಲ್ಲಲಿಲ್ಲ, ಮುಖ ಕೊಟ್ಟು ಮಾತಾಡಲೂ ಇಲ್ಲ.

ಪ್ರತಿ ಶನಿವಾರ ಬರುವ ಲಕೋಟೆ ಅದು. ಫೆಬ್ರವರಿಯಲ್ಲಿ ನೂರಿಸ್‌ಳ ಗಂಡ ಎಲಿಹಿಯೊ ಕಳ್ಳದೋಣಿ ಹತ್ತಿ ದುಡಿಯಲು ಪೋರ್ಟೊರಿಕೊಗೆ ಹೊರಟಾಗ, ತನ್ನ ಮೋಟಾರ್‌ಸೈಕಲ್ಲನ್ನು ಮಾತಿಲ್ದೆಯ ಗಂಡ ಕ್ರಿಸ್ಪಿನ್‌ಗೆ ಒಪ್ಪಿಸಿದ್ದ. ಮೆಕ್ಯಾನಿಕ್ ಕ್ರಿಸ್ಪಿನ್ ಅದನ್ನು ಬೆಟ್ಟದ ದಾರಿಯಲ್ಲಿ ಜನರನ್ನು ಕೂರಿಸಿಕೊಂಡು ಸವಾರಿ ಹೊಡೆಯುವ ಯಾರಿಗೋ ಬಾಡಿಗೆಗೆ ಕೊಟ್ಟಿದ್ದ. ಆ ಬಾಡಿಗೆಯಲ್ಲೇ ತಾಯಿ ಮಗಳ ಊಟ. ಎಲಿಹಿಯೊನಿಂದ ಭಾನುವಾರಕ್ಕೊಂದು ಫೋನು ಬರುತ್ತಿತ್ತು. ಹಣ ಇನ್ನೂ ಬಂದಿರಲಿಲ್ಲ.

ಇವತ್ತು ನೋಟುಗಳ ಜೊತೆ ಒಂದು ಚೀಟಿಯೂ ಇತ್ತು. ಎಂಟು ವರ್ಷದ ಲಿಸ್ಬೆಲ್ ಅದನ್ನು ಕಸಿದು ಜೋರಾಗಿ ಓದಿದಳು.

"ಹಿಂದಿನ ಟಯರ್ ಬದಲಿಸಿದ ಕೂಲಿ, ಮುನ್ನೂರು ಪೆಸೊ. ಎರಡೂ ಚಕ್ರದ ಬೇರಿಂಗ್ ಬದಲಿಸಿದ ಕೂಲಿ, ಆರುನೂರು."

"ಏನಂದೆ? ಇನ್ನೊಂದ್ಸಲ ಓದು."

"ಕೂಲಿ ಅಮ್ಮ. ಕೂಲಿ ಅಂತಲೇ ಬರೆದಿದೆ."

ಟಯರಿನ ಬೆಲೆ ಎಂದಿದ್ದರೆ ನೂರಿಸ್ ಸುಮ್ಮನಿರುತ್ತಿದ್ದಳು. ಬೇರಿಂಗಿನ ಬೆಲೆ ಎಂದಿದ್ದರೂ ಅಷ್ಟೆ. ಸಾಮಾನಿಗೆ ಯಾರಾದರೂ ದುಡ್ಡು ಕೊಡಲೇಬೇಕು. ಆದರೆ ಲಿಸ್ಬೆಲ್‌ಳನ್ನು ಇಗರ್ಜಿಯಲ್ಲಿ ಧರ್ಮತಂದೆಯಾಗಿ ಜ್ಞಾನಸ್ನಾನಕ್ಕೆ ಎತ್ತಿ ಹಿಡಿದವನು ಕ್ರಿಸ್ಪಿನ್. ಅಂದಿನಿಂದ ಅವನು ಈ ಮನೆಗೆ ಕೊಂಪಾದ್ರೆ, ಎಲಿಹಿಯೊ ಅವನಿಗೆ ಕೊಂಪಾದ್ರೆ, ಇವಳು ಕೊಮಾದ್ರೆ; ಒಡಹುಟ್ಟಿದವರಷ್ಟು ಹತ್ತಿರದ ನಂಟು. ಕೊಂಪಾದ್ರೆಗಳ ನಡುವೆ ಕೈಕೆಲಸಕ್ಕೆ ಕೂಲಿ ಇಲ್ಲ. ಕೂಲಿ ಕೇಳುವುದೂ ಒಂದೇ, ಇನ್ನು ನೀವು ನನಗೆ ಯಾರೂ ಅಲ್ಲ ಅನ್ನುವುದೂ ಒಂದೇ.

ಎಲಿಹಿಯೊ ಹೋದಮೇಲೆ ಅವಳಿಗೆ ಈ ಊರಿನಲ್ಲಿ ಇದ್ದದ್ದು ಆ ಒಂದು ಮನೆ.

ಒಲೆ ಆರಿಸಿದಳು. ಮಗಳ ಕೈ ಹಿಡಿದಳು. ಬಾಳೆಕಾಯಿ ಅರ್ಧ ಸುಲಿದಲ್ಲೇ ಉಳಿಯಿತು.

ಬಾದಾಮಿ ಮರದ ಕೆಳಗೆ ಕ್ರಿಸ್ಪಿನ್‌ನ ಗ್ಯಾರೇಜು. ಪಂಕ್ಚರಿಗೆ ಕಾಯುತ್ತಿದ್ದ ಮುದುಕನೊಬ್ಬ ಅವರನ್ನು ಕಂಡು ಹಲ್ಲು ಬಿಟ್ಟ. "ಓಹೋ, ಕೊಮಾದ್ರೆ ಬಂದ್ರು! ಬಿಟ್ಟಿ ಕೆಲಸ ಬಂತು ಕಣಯ್ಯಾ ಕ್ರಿಸ್ಪಿನ್. ನಂಗೂ ಒಂದು ಮಗು ಹುಟ್ಟಿದ್ರೆ ನಿನ್ನ ಕೈಲೇ ಎತ್ತಿಸ್ತಿದ್ದೆ, ವಯಸ್ಸು ಮೀರಿಹೋಯ್ತು."

ಕ್ರಿಸ್ಪಿನ್ ನಗಲಿಲ್ಲ. ನೂರಿಸ್ ಚೀಟಿಯನ್ನು ಅವನ ಕಣ್ಣೆದುರು ಹಿಡಿದಳು.

"ಇದೇನು ಕೊಂಪಾದ್ರೆ? ಗಂಡ ಇಲ್ಲದ ಮನೆ ಅಂತ ಕೂಲಿ ಹಾಕಿದ್ರಾ? ನನ್ನ ಮಗಳ ತಲೆ ಮೇಲೆ ನೀರು ಬಿದ್ದಾಗ ಎತ್ತಿ ಹಿಡಿದಿದ್ದು ಇದೇ ಕೈ ಅಲ್ವಾ?"

"ಆ ಚೀಟಿ ಇವರ ಮನೆಗೆ ಹೇಗೆ ಹೋಯ್ತು?" ಅವನು ಕೇಳಿದ್ದು ಅವಳನ್ನಲ್ಲ. ಗ್ಯಾರೇಜಿನ ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ಮಾತಿಲ್ದೆಯನ್ನು. ಅವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

"ನನ್ನ ಮಾತಿಗೆ ಉತ್ತರ ಕೊಡಿ. ಇಲ್ಲಾಂದ್ರೆ ಗಾಡಿ ಇವತ್ತೇ ವಾಪಸ್ ತರಿಸಿ. ಮಾರಿ ಊಟ ಮಾಡ್ತೀವಿ. ನಿಮ್ಮ ಹಂಗೂ ಬೇಡ, ನಂಟೂ ಬೇಡ."

"ಲಕೋಟೆ ಎಣಿಸಿ ನೋಡಿದ್ರಾ ಕೊಮಾದ್ರೆ?"

ನೋಡಿರಲಿಲ್ಲ. ಅಲ್ಲೇ ನಿಂತು ಎಣಿಸತೊಡಗಿದಳು. ಕ್ರಿಸ್ಪಿನ್ ಡಬ್ಬಿಯಿಂದ ಹಳೆಯ ಬೇರಿಂಗೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿದ. ಮರಳು ಕರಕರ ಅಂದಿತು.

"ನೋಡಿ ಇದನ್ನ. ಗಾಡೀನ ಹೊಳೆಗೆ ಇಳಿಸಿ ತೊಳೀಬೇಡ ಅಂತ ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ..." ಥಟ್ಟನೆ ನಿಲ್ಲಿಸಿದ.

ನೂರಿಸ್ ಎಣಿಕೆಯಲ್ಲಿದ್ದಳು. ಬಾಡಿಗೆ ಪೂರ್ತಿ ಇತ್ತು. ಒಂದು ಪೆಸೊವನ್ನೂ ಮುರಿದುಕೊಂಡಿರಲಿಲ್ಲ.

"ಮತ್ತೆ ಈ ಒಂಬೈನೂರು?"

"ಅದು ಓಡಿಸೋನಿಗೆ ಬರೆದಿದ್ದು. ನಿನ್ನೆ ಗಾಡಿ ತಗೊಂಡು ಹೋಗುವಾಗ, ಕೂಲಿ ಬಿಟ್ಟುಬಿಡು ಕ್ರಿಸ್ಪಿನ್ ಅಂತ ಗೋಗರೆದ. ಬಿಡಲ್ಲ ಅಂದೆ. ನಿನಗೆ ಇನ್ನು ಮೇಲೆ ಬಿಡೋದಿಲ್ಲ ಅಂದೆ." ಅವನು ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. ತಲೆ ಎತ್ತಲಿಲ್ಲ. "ನಿಮ್ಮಿಂದ ನಾನು ಯಾವತ್ತೂ ತಗೊಳಲ್ಲ ಕೊಮಾದ್ರೆ. ನಿಮ್ಮಿಂದ, ಈ ಮಗುವಿಂದ. ನನ್ನ ಕೈ ಬಿದ್ದುಹೋದ್ರೂ ಇಲ್ಲ."

ನೂರಿಸ್‌ಗೆ ನಾಚಿಕೆಯಲ್ಲಿ ಕಿವಿ ಬಿಸಿಯಾಯಿತು. ಕ್ಷಮೆ ಕೇಳಿದಳು. ಮಾತಿಲ್ದೆ ಬಂದು ಅವಳನ್ನು ತಬ್ಬಿಕೊಂಡಳು. ಒಂದು ಚೀಟಿಯ ತಪ್ಪಿಗೆ ಇಷ್ಟು ಬಿಗಿಯಾಗಿ ಯಾರೂ ತಬ್ಬುವುದಿಲ್ಲ.

ದಾರಿಯಲ್ಲಿ ನೂರಿಸ್‌ಗೆ ಹಗುರ ಅನ್ನಿಸಿತು. ಗಾಡಿ ಹಾಳು ಮಾಡಿದವನು ಯಾವನೋ, ಕೂಲಿ ಅವನ ತಲೆಗೆ. ಕೊಂಪಾದ್ರೆ ಕೊಂಪಾದ್ರೆಯಾಗಿಯೇ ಇದ್ದ. ನಾಳೆ ಭಾನುವಾರ, ಎಲಿಹಿಯೊಗೆ ಹೇಳಿದರೆ ನಕ್ಕಾನು.

ಲಿಸ್ಬೆಲ್ ಎಂದಿನಂತೆ ಮುಂದೆ ಓಡಲಿಲ್ಲ. ತಾಯಿಯ ಕೈ ಹಿಡಿದು ಯೋಚಿಸುತ್ತ ನಡೆದಳು.

"ಅಮ್ಮ, ಅಲ್ಲಿ ಕೂತಿದ್ದ ತಾತನ ಕೂಲಿ ಬಿಡ್ತಾರಾ?"

"ಇಲ್ಲ ಕಂದ."

"ಕೇಳಿದ್ರೆ?"

"ಅವರ್ಯಾಕೆ ಕೇಳ್ತಾರೆ? ಹೊರಗಿನವರು ಬೆಲೆಯಲ್ಲಿ ಚೌಕಾಸಿ ಮಾಡಬಹುದು. ಕೂಲಿಯನ್ನೇ ಬಿಡು ಅನ್ನೋಕೆ ಬಾಯೇ ಬರಲ್ಲ. ಆ ಮಾತು ಆಡೋ ಹಕ್ಕು ನಮಗೆ ಮಾತ್ರ."

"ನಮಗೆ ಅಂದ್ರೆ ಯಾರು?"

"ನಾನು, ನೀನು, ನಿಮ್ಮಪ್ಪ. ಈ ಊರಲ್ಲಿ ಅವರಿಗೆ ಬೇರೆ ಕೊಂಪಾದ್ರೆ ಯಾರಿದ್ದಾರೆ?"

ಲಿಸ್ಬೆಲ್ ನಿಂತುಬಿಟ್ಟಳು.

"ಹಾಗಾದ್ರೆ ಅಮ್ಮ, ನಮ್ಮ ಗಾಡಿ ಓಡಿಸ್ತಿರೋದು ಅಪ್ಪನಾ?"