ಜೊಂಡಿನ ತಡಿಕೆಯ ಹಿಂದೆ

ನಾಲಿಗೆಯಡಿಯಿಂದ ಮಾತ್ರೆ ತೆಗೆದು ತೊಲೊಗೊನ್ ಕರವಸ್ತ್ರದಲ್ಲಿ ಕಟ್ಟಿಕೊಂಡ. ಕಿಟಕಿಯಾಚೆ ನಿಂತಿದ್ದ ಸಾಗಿನ್‌ಬಾಯ್ ಅದನ್ನು ನೋಡಿಬಿಟ್ಟ.

ನಾರಿನ್ ಹೊಳೆಯ ದಂಡೆಯ ಆ ಮನೆ ಕುಡಿತ ಬಿಡಲು ಬಂದವರದು. ಬಾಗಿಲಲ್ಲಿ 'ಗಂಡಸರಿಗೆ ಮಾತ್ರ' ಎಂಬ ಬೋರ್ಡು. ಅದನ್ನು ಬರೆದವನೂ ಮನೆ ನಡೆಸುವವನೂ ಸಾಗಿನ್‌ಬಾಯ್. ಒಂದು ಕಾಲದಲ್ಲಿ ಕುದುರೆಮಂದೆಯನ್ನೇ ಕುಡಿದು ಕಳೆದವನು. ಕುಡುಕರ ಕಳ್ಳಾಟ ಅವನಿಗೆ ಹೊಸದಲ್ಲ. ಕದ್ದು ಕುಡಿದವನನ್ನು ಅಂದೇ ಹೊರಗಟ್ಟುತ್ತಿದ್ದ.

ಹೊಸದಾಗಿ ಸೇರಿದ ಈ ತೊಲೊಗೊನ್ ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಕುಡಿತ ನಿಂತ ನಡುಕಕ್ಕೆ ಹೊಸಬರ ಕೈಯಲ್ಲಿ ಚಹಾ ತುಳುಕುವುದು ವಾಡಿಕೆ. ಇವನ ಬಟ್ಟಲು ಅಲುಗಲೇ ಇಲ್ಲ. ಅಂದರೆ ಎಲ್ಲೋ ಕುಡಿದು ಬರುತ್ತಿದ್ದಾನೆ. ಆದರೂ ಪಾಠದ ಹೊತ್ತಿಗೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ. "ನಡುಕ ಬಂದಾಗ ಏನು ಕೊಡ್ಬೇಕಣ್ಣಾ? ನಿದ್ದೆ ಬರ್ದಿದ್ರೆ?"

ಮನೆಯಲ್ಲಿ ಬಾಟಲಿ ಎಲ್ಲಿ ಬಚ್ಚಿಡುತ್ತಿದ್ದಿರಿ ಎಂದು ಒಮ್ಮೆ ಸಾಗಿನ್‌ಬಾಯ್ ಕೇಳಿದಾಗ ಒಬ್ಬ ಕುದುರೆ ಜೀನಿನ ಕೆಳಗೆ ಎಂದ, ಇನ್ನೊಬ್ಬ ಹುಲ್ಲಿನ ಮೆದೆ ಎಂದ. ತೊಲೊಗೊನ್ ಹೇಳಿದ: "ಗುಡಾರದ ಬಲಗಡೆ, ಜೊಂಡಿನ ತಡಿಕೆ ಹಿಂದೆ, ಹಿಟ್ಟಿನ ಚೀಲದಲ್ಲಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರ ಗುಡಾರಮನೆಗಳಲ್ಲಿ ಬಲಗಡೆ ಹೆಂಗಸರದು, ಅಡಿಗೆಯ ಜಾಗ. ಗಂಡಸಾದವನು ಅಲ್ಲಿಗೆ ಕೈಹಾಕುವುದಿಲ್ಲ.

"ಏನೋ, ರೊಟ್ಟಿನೂ ನೀನೇ ತಟ್ತೀಯಾ?" ಎಂದ ಮುದುಕ ಜಪರ್.

"ಹೂಂ, ನಾನೇ ತಟ್ಟೋದು. ಬೇಕಾದ್ರೆ ಇನ್ನೂ ನಗು." ತೊಲೊಗೊನ್ ತಲೆ ತಗ್ಗಿಸಲಿಲ್ಲ.

ಈಗ ಸಾಗಿನ್‌ಬಾಯ್ ಅಂಗಳದಲ್ಲಿ ಅವನ ರಟ್ಟೆ ಹಿಡಿದ.

"ಮಾತ್ರೆ ಯಾರಿಗೆ ಮಾರ್ತೀಯಾ?"

"ಮಾರಲ್ಲ."

"ಊಟ ಆದ್ಮೇಲೆ ಗೋಡೆ ಹಾರಿ ಎಲ್ಲಿಗೆ ಹೋಗ್ತೀಯಾ? ಗಂಟು ಕಟ್ಟು, ನಡಿ."

"ನನ್ನನ್ನ ಹೊರಗೆ ಹಾಕಿದ್ರೆ ಒಂದು ಜೀವ ಹೋಗುತ್ತಣ್ಣಾ. ನಾನು ಹೋಗಲ್ಲ. ಬೇಕಾದ್ರೆ ಎತ್ತಿ ಎಸೀರಿ."

"ಕುಡುಕರೆಲ್ಲ ಹಿಂಗೇ ಅಳ್ತಾರೆ."

"ನಾನು ಅಳ್ತಾ ಇಲ್ಲ."

ಅಂದು ಮಧ್ಯಾಹ್ನವೂ ಅವನು ಗೋಡೆ ಹಾರಿದ. ಕುಡಿಯುವಾಗಲೇ ಹಿಡಿದು ಹೊರಗಟ್ಟಬೇಕೆಂದು ಸಾಗಿನ್‌ಬಾಯ್ ಪಾಪ್ಲರ್ ಮರಗಳ ಮರೆಯಲ್ಲಿ ಹಿಂಬಾಲಿಸಿದ. ಹೊಳೆಯ ತಿರುವಿನಲ್ಲಿ ಒಂಟಿ ಉಣ್ಣೆಗುಡಾರ. ಒಳಗಿನಿಂದ ತೊಲೊಗೊನ್‌ನ ದನಿ. ಮಾತು ಮಾತ್ರ ಬೆಳಿಗ್ಗೆ ಪಾಠದಲ್ಲಿ ಸಾಗಿನ್‌ಬಾಯ್ ಹೇಳಿಕೊಟ್ಟದ್ದು: "ಈ ಗಳಿಗೆ ದಾಟಿದ್ರೆ ಸಾಕು. ಮುಂದಿನ ಗಳಿಗೇದು ಆಮೇಲೆ ನೋಡೋಣ."

ತನ್ನ ಪಾಠವನ್ನು ಅಣಕಿಸುವ ಕುಡುಕರ ಕೂಟವೇ ಇರಬೇಕು. ಸಾಗಿನ್‌ಬಾಯ್ ಬಾಗಿಲಿನ ಉಣ್ಣೆಪರದೆಯನ್ನು ಕಿತ್ತೆಳೆದ.

ಬಲಗಡೆಯ ತಡಿಕೆ ಸರಿದಿತ್ತು. ತೊಲೊಗೊನ್‌ನ ಹೆಗಲಿಗೊರಗಿ ಕೂತಿದ್ದ ಹೆಂಗಸು ಎರಡೂ ಕೈಯಲ್ಲಿ ಬಟ್ಟಲು ಹಿಡಿದಿದ್ದಳು. ಚಹಾ ತುಳುಕಿ ಮಡಿಲು ತೊಯ್ದಿತ್ತು.

"ಬನ್ನಿ ಅಣ್ಣಾ," ಎಂದಳು, ಹಲ್ಲು ಕಟಕಟಿಸುತ್ತಿದ್ದರೂ ಅವನ ಕಣ್ಣನ್ನೇ ನೋಡುತ್ತ. "ನನ್ನ ಗಂಡ ಹುಟ್ಟಿದಾಗಿಂದ ಒಂದು ತೊಟ್ಟೂ ಕುಡಿದವರಲ್ಲ. ನಿಮ್ಮ ಬೋರ್ಡು ನನ್ನನ್ನ ಒಳಗೆ ಬಿಡ್ಲಿಲ್ಲವಲ್ಲ, ಅದಕ್ಕೆ ನನ್ನ ಪಾಠ ಕಲಿಯೋಕೆ ಇವರನ್ನ ಕಳಿಸಿದೆ."