ಮೂರು ಕೀಲಿಯ ಸಂದೂಕ

ಮೂರನೆಯ ಕೀಲಿಯನ್ನೂ ಜಗ್ಗಿ ನೋಡಿ ಅಮರಪ್ಪ ಎದ್ದು ನಿಂತ. ಅಪ್ಪನ ಕಾಲದ ಉದ್ದನೆಯ ಸಂದೂಕ, ಅಪ್ಪನ ಕಾಲದ್ದೇ ಜೋಡುನಳಿಗೆ ಬಂದೂಕು ಇಡುವುದು ಅದರಲ್ಲೇ. ತೋಟಾಗಳನ್ನು ಬೇರೆಯಾಗಿ ಕಪಾಟಿನಲ್ಲಿ ಇಟ್ಟಿದ್ದಾಗಿತ್ತು. ಮೂರೂ ಕೀಲಿಕೈಗಳನ್ನು ಉಡಿದಾರಕ್ಕೆ ಕಟ್ಟಿಕೊಂಡ. ಕಿಟಕಿಯಾಚೆ, ನಡುಗೋಡೆಯ ಆ ಬದಿಗೆ, ತಮ್ಮ ವಿಶ್ವರಾಧ್ಯ ಎಮ್ಮೆಗೆ ಕಣಕಿ ಹಾಕುತ್ತ ಇತ್ತಲೇ ನೋಡುತ್ತಿದ್ದ.

“ಏನ ನೋಡಾಕತ್ತೀ? ನಿನ್ನ ಕೈಗೆ ಸಿಗಂಗಿಲ್ಲದು.”

“ನನಗ್ಯಾಕ ಬೇಕಣ್ಣ. ಯಾರ ಕೈಯಾಗೂ ಇರಬಾರ್ದು ಅದು.”

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಮಾತು ಗೋಗಿ ಊರಿನ ಈ ಎರಡು ಮನೆಗಳನ್ನು ನೋಡಿಯೇ ಹುಟ್ಟಿರಬೇಕು. ಕಾಲುವೆ ನೀರು ಬಂದು ಭತ್ತ ಬಂತು, ಭತ್ತದ ಬೆನ್ನಿಗೇ ಜಗಳ ಬಂತು. ನೀರಿನ ಸರದಿಗಾಗಿ ಇಬ್ಬರೂ ಸಲಿಕೆ ಎತ್ತಿದ್ದುಂಟು. ಕಾಡುಹಂದಿ ಓಡಿಸಲೆಂದು ಲೈಸೆನ್ಸ್ ಸಿಕ್ಕ ಬಂದೂಕನ್ನು ಅಮರಪ್ಪ ಹಂದಿಗಿಂತ ತಮ್ಮನಿಗೇ ಹೆಚ್ಚು ಸಲ ತೋರಿಸಿದ್ದ. ಐದು ದಿನ ಮನೆ ಖಾಲಿ ಬಿಟ್ಟರೆ ತಮ್ಮ ಅದನ್ನು ಎತ್ತಿಕೊಂಡು ಹೋಗದೆ ಇರಲಾರ ಎಂಬುದು ಅಮರಪ್ಪನ ಖಾತ್ರಿ.

ಗೋಕರ್ಣಕ್ಕೆ ಹೋಗಿ ಸಮುದ್ರ ನೋಡೋಣ ಎಂದವಳು ಹೆಂಡತಿ ಪಾರ್ವತಿಬಾಯಿ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ದಸರೆಗೂ ಮೊದಲೇ ಇನ್ನೊಂದು ಮಾತು ಹೇಳಿದ್ದಳು.

“ಬಂದೂಕ ಠಾಣೇದಾಗ ಇಟ್ಟ ಹೋಗೂಣ್ರಿ. ರಸೀದಿ ಕೊಡ್ತಾರಂತ.”

“ಇಲೆಕ್ಷನ್ ಬಂದಾಗ ಇಡೂದ ಸಾಕಾಗೇತಿ. ನನ್ನ ಬಂದೂಕ ನನ್ನ ಮನ್ಯಾಗ. ನೀ ಬಾಯಿ ಮುಚ್ಚು.”

ಅವಳು ಬಾಯಿ ಮುಚ್ಚಿದಳು. ಅದೇನು ಅವಳಿಗೆ ಹೊಸದಲ್ಲ.

ಆ ಮನೆಯ ಖಂಡೇಪೂಜೆಗೆ ಒಂದು ಪದ್ಧತಿಯಿತ್ತು. ನವಮಿಯ ದಿನ ಪೂಜೆ ಮುಗಿಯುವ ತನಕ ಗಂಡಸರು ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಮನೆಯೊಡತಿಯೇ ಮಡಿಯಲ್ಲಿ ಆಯುಧಕ್ಕೆ ಕುಂಕುಮ ಹಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿ, ಅರಿಷಿಣ ದಾರ ಬಿಗಿಯಬೇಕು. ಆ ಗಂಟನ್ನು ದೀಪಾವಳಿ ಪಾಡ್ಯಕ್ಕೆ ಮೊದಲು ಬಿಚ್ಚಿದರೆ ಮನೆಗೆ ಕೇಡು. ಈ ಸಲವೂ ಅಮರಪ್ಪ ಇಡೀ ದಿನ ಹೊಲದಲ್ಲಿದ್ದು, ಹೊತ್ತು ಇಳಿದ ಮೇಲೆ ಬಂದು, ಕಟ್ಟಿಟ್ಟ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಸಂದೂಕದೊಳಗೆ ಮಲಗಿಸಿದ್ದ. ಅದರ ಭಾರ ಕೈಗೆ ಹತ್ತಿದಾಗ ಜೀವಕ್ಕೆ ಹಿತವಾಗಿತ್ತು.

ಹೊರಡುವಾಗ ನೋಡಿದರೆ ಅವಳದೇ ಎರಡು ದೊಡ್ಡ ಚೀಲ.

“ಐದ ದಿನಕ್ಕ ಇಷ್ಟ್ಯಾಕ? ಮನಿ ಖಾಲಿ ಮಾಡಾಕತ್ತೀ ಏನು?”

“ಸಮುದ್ರದ ಕಡೆ ಥಂಡಿ ಇರ್ತೈತಂತ್ರಿ.”

ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರ್ ಗಾಳಿಗೆ ಓರೆಯಾಗಿತ್ತು. ಅವಳು ಅದನ್ನು ನೆಟ್ಟಗೆ ಮಾಡಿದಳು. ಅದರ ಹಿಂದೆ, ಗೋಡೆಗೆ ಬಂದೂಕಿನ ಚರೆ ಬಡಿದ ಗುರುತುಗಳಿದ್ದವು. ಹೋದ ವರ್ಷ ಒರೆಸುವಾಗ ಬಂದೂಕು ತಾನಾಗಿಯೇ ಹಾರಿತೆಂದು ಅಮರಪ್ಪ ಊರಿಗೆಲ್ಲ ಹೇಳಿದ್ದ. ತಮ್ಮನೊಬ್ಬ ನಂಬಿರಲಿಲ್ಲ. ಅವನ ಮೇಲೆ ಅದೂ ಒಂದು ಸಿಟ್ಟು.

ಗೋಕರ್ಣದಲ್ಲಿ ಅವಳು ಮೊಣಕಾಲುಮಟ ನೀರಿನಲ್ಲಿ ನಿಂತು ನಕ್ಕಳು. ಅಮರಪ್ಪ ದಂಡೆಯ ಮೇಲೆ ಕೂತು ಉಡಿದಾರದ ಕೀಲಿಕೈ ಮುಟ್ಟಿಮುಟ್ಟಿ ನೋಡಿಕೊಂಡ. ಸಮುದ್ರ ಅವನ ಕಣ್ಣಿಗೆ ಬೀಳಲೇ ಇಲ್ಲ.

ತಿರುಗಿ ಬರುವಾಗ ಬಸ್ಸು ಸುರಪುರಕ್ಕೆ ಬಂದು ನಿಂತಿತು.

“ನಾ ಇಲ್ಲೇ ಇಳಿತೀನ್ರಿ. ಅವ್ವನ್ನ ನೋಡಿ ಭಾಳ ದಿನ ಆತು.”

“ನಾಳೆ ಮುಂಜಾನಿ ಮನ್ಯಾಗಿರಬೇಕು ನೋಡು.”

ಅವಳು ಬಸ್ಸಿನಿಂದ ಇಳಿದಳು. ಕೆಳಗೆ ಅವಳ ಅಣ್ಣ ಭಗವಂತರಾಯ ಕಾದಿದ್ದ. ಎರಡೂ ಚೀಲಗಳನ್ನು ಅಮರಪ್ಪನೇ ಎತ್ತಿ ಅವನ ಕೈಗೆ ಕೊಟ್ಟ. ಹಾಳಾದ ಭಾರ, ಎಂದು ಗೊಣಗಿದ.

ಗೋಗಿಗೆ ಬಂದವನೇ ಸಂದೂಕ ನೋಡಿದ. ಮೂರೂ ಕೀಲಿ ಹಾಕಿದ ಹಾಗೇ ಇದ್ದವು. ನೆಮ್ಮದಿಯಿಂದ ಹೊಲದ ಕಡೆ ಹೋದರೆ, ತನ್ನ ಸರದಿಯ ನೀರು ತಮ್ಮನ ಗದ್ದೆಯಲ್ಲಿ ಹರಿಯುತ್ತಿತ್ತು. ಅಮರಪ್ಪನ ಕಣ್ಣು ಕೆಂಪಾದವು. ಮನೆಗೆ ಬಂದು ಎರಡು ತೋಟಾ ಕಿಸೆಗೆ ಹಾಕಿಕೊಂಡ. ಪಾಡ್ಯವೂ ಬೇಡ, ಪದ್ಧತಿಯೂ ಬೇಡ! ಮೂರೂ ಕೀಲಿ ತೆಗೆದು ಅರಿಷಿಣ ದಾರವನ್ನು ಹಲ್ಲಿನಿಂದಲೇ ಹರಿದ.

ಒಳಗೆ ಒನಕೆ ಇತ್ತು. ಕುಂಕುಮ ಹಚ್ಚಿದ ಒನಕೆ.

“ಏ ಭಾಡ್ಯಾ! ಎಲ್ಲಿಟ್ಟೀ ನನ್ನ ಬಂದೂಕ?”

ನಡುಗೋಡೆಯ ಮೇಲೆ ವಿಶ್ವರಾಧ್ಯನ ಮುಖ ಕಾಣಿಸಿತು. “ಇಲ್ಲೇನು? ಛಲೋ ಆತು ಬಿಡು.”

ಅಷ್ಟು ಸಾಕಿತ್ತು. ಅಮರಪ್ಪ ಬೈಕ್ ಹತ್ತಿ ನೇರ ಠಾಣೆಗೆ ಓಡಿಸಿದ. ಹವಾಲ್ದಾರ ಸರದಾರಸಾಬ ಮೇಜಿನ ಹಿಂದೆ ಚಹಾ ಕುಡಿಯುತ್ತಿದ್ದ.

“ಬಂದೂಕ ಕಳವಾಗೇತ್ರಿ. ಕಳ್ಳನ ಹೆಸರ ಬರಕೋರಿ, ವಿಶ್ವರಾಧ್ಯ. ನನ್ನ ಸ್ವಂತ ತಮ್ಮ.”

“ಕುಂದರ್ರಿ ಅಮರಪ್ಪನವರ. ಕಳವೇನೂ ಆಗಿಲ್ಲ. ನಿಮ್ಮ ಬಂದೂಕ ನಮ್ಮ ಕಡೆ ಐತಿ. ಖಂಡೇಪೂಜಿ ದಿನ ಕೌದ್ಯಾಗ ಸುತ್ತಿ, ಟಂಟಂ ಆಟೋದಾಗ ತಂದಕೊಟ್ಟಾರ. ನೀವು ಊರಿಗೆ ಹೋಗಿ ಬರೂತನಕ ಸುದ್ದಿ ಮಾಡಬ್ಯಾಡ್ರಿ ಅಂತ ಕೈಮುಗದ ಕೇಳಕೊಂಡ್ರು.”

“ಯಾರು? ಅವನೇ ಹೌದಲ್ರಿ?”

ಸರದಾರಸಾಬ ಚಹಾದ ಲೋಟ ಕೆಳಗಿಟ್ಟ. ಅಮರಪ್ಪನ ಅಂಗಿಯ ಉಬ್ಬಿದ ಕಿಸೆಯನ್ನೇ ನೋಡಿದ.

“ಮೊದಲ ಆ ತೋಟಾ ಮೇಜಿನ ಮ್ಯಾಲ ಇಡ್ರಿ.”

ಅಮರಪ್ಪ ಇಟ್ಟ. ಹವಾಲ್ದಾರ ಫೈಲಿನಿಂದ ಒಂದು ಅರ್ಜಿ ತೆಗೆದು ಅವನತ್ತ ತಿರುಗಿಸಿದ. ವಹಿಯ ಹಾಳೆಯ ಮೇಲೆ ದುಂಡಗಿನ ಅಕ್ಷರಗಳಿದ್ದವು.

‘ನಮ್ಮ ಅಡುಗೆಮನೆ ಗೋಡೆಗೆ ಬಡಿದ ಚರೆ ನನ್ನ ಮೇಲೆ ಹಾರಿಸಿದ್ದು. ಪ್ರವಾಸದ ನೆವದಲ್ಲಿ ನಾನು ಸುರಪುರದ ತವರು ಮುಟ್ಟುವ ತನಕವಾದರೂ ಈ ಬಂದೂಕು ನನ್ನ ಗಂಡನ ಕೈಗೆ ಸಿಗದಂತೆ ಜೋಪಾನ ಮಾಡಬೇಕು. ಇಂತಿ, ಪಾರ್ವತಿಬಾಯಿ.’